ಬಿಸುವಿಗೆ ಸುಟ್ಟ ಗುಳ್ಳದ ಗೊಜ್ಜು

ನಲವತ್ತಾರು ವರ್ಷ ಹಬ್ಬದೂಟಕ್ಕೆ ಕುಳಿತವನು ನಾನು, ಅಡುಗೆಮನೆಯಲ್ಲಿ ನಿಂತವನಲ್ಲ. ಎಲೆಗೆ ಬಿದ್ದ ಗೊಜ್ಜನ್ನು ನಾಲಗೆಗೆ ಹಚ್ಚಿ, "ಇವತ್ತು ಉಪ್ಪು ಒಂಚೂರು ಕಡಿಮೆ" ಎನ್ನುವುದಷ್ಟೇ ನನ್ನ ಪಾಲಿನ ಕೆಲಸ. ಈ ಸಲ ಬಿಸು ಹಬ್ಬಕ್ಕೆ ಹತ್ತು ದಿನ ಇರುವಾಗ ನನ್ನಾಕೆ ಬಾವಿಕಟ್ಟೆಯ ಬಳಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ಮೊಣಕೈವರೆಗೆ ಪ್ಲಾಸ್ಟರ್.

ಬೇಸಿಗೆ ರಜೆಗೆ ಬೆಂಗಳೂರಿನಿಂದ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬಂದಿದ್ದರು. ಹೆಸರುಬೇಳೆ ಪಾಯಸ, ಸಾರು, ತೊಂಡೆಕಾಯಿ ಮತ್ತು ಎಳೆ ಗೇರುಬೀಜದ ಪಲ್ಯವನ್ನು ಸೊಸೆ ವಹಿಸಿಕೊಂಡಳು. ಸುಟ್ಟ ಗುಳ್ಳದ ಗೊಜ್ಜು ಮಾತ್ರ ಅವಳಿಗೆ ತಿಳಿಯದು. "ಅದೊಂದು ಬಿಡಿ ಮಾರಾಯ್ರೆ, ಮುಂದಿನ ವರ್ಷ ನೋಡುವ" ಎಂದಳು ನನ್ನಾಕೆ. ಹಾಗೆ ಹೇಳುವಾಗ ಮುಖ ಕಿಟಕಿಯ ಕಡೆಗಿತ್ತು. "ನಾನು ಮಾಡ್ತೇನೆ" ಎಂದುಬಿಟ್ಟೆ.

ಘಟ್ಟದ ಮೇಲಿನ ಮಕ್ಕಳಿಗೆ ಎರಡು ಮಾತು ಹೇಳಬೇಕು. ಬಿಸು ಎಂದರೆ ತುಳುನಾಡಿನ ಹೊಸ ವರ್ಷ, ಏಪ್ರಿಲ್ 14 ಅಥವಾ 15ಕ್ಕೆ ಬರುತ್ತದೆ. ಹಿಂದಿನ ರಾತ್ರಿ ದೇವರ ಮುಂದೆ ಕನ್ನಡಿ, ಅಕ್ಕಿ, ತೆಂಗಿನಕಾಯಿ, ಹಣ್ಣು, ತರಕಾರಿ ಜೋಡಿಸಿಟ್ಟು, ಬೆಳಗ್ಗೆ ಎದ್ದ ಕೂಡಲೇ ಅದನ್ನು ನೋಡುತ್ತೇವೆ. ಅದೇ ಕಣಿ. ನಮ್ಮಲ್ಲಿ ಕಣಿಗಿಟ್ಟ ತರಕಾರಿ ಮಧ್ಯಾಹ್ನ ಊಟದ ಎಲೆಗೆ ಬರುತ್ತದೆ. ಗುಳ್ಳ ಎಂದರೆ ಕಟಪಾಡಿ ಸಮೀಪದ ಮಟ್ಟು ಊರಿನ ದುಂಡನೆಯ ತಿಳಿಹಸಿರು ಬದನೆ. ಸಿಪ್ಪೆ ತೆಳು, ತೊಟ್ಟಿನಲ್ಲಿ ಮುಳ್ಳು. ಇದರ ಬೀಜ ಕೊಟ್ಟವರು ವಾದಿರಾಜ ಸ್ವಾಮಿಗಳು ಎಂದು ಇಲ್ಲಿಯವರ ನಂಬಿಕೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಕಣಿಯಲ್ಲಿದ್ದದ್ದು ಮೂರು ಗುಳ್ಳ. ಮೊದಲನೆಯದನ್ನು ಗ್ಯಾಸ್ ಒಲೆಯ ಮೇಲಿಟ್ಟೆ. ಐದು ನಿಮಿಷವಾಗಿರಬಹುದು, ಢಬ್ ಎಂದು ಸಿಡಿಯಿತು. ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಕನ್ನಡಕಕ್ಕೆ ಬೀಜ! ಮೊಮ್ಮಗ ಚಪ್ಪಾಳೆ ತಟ್ಟಿದ. ಒಳಕೋಣೆಯಿಂದ, "ತೂತು ಮಾಡಿದ್ರಾ?" ಎಂದು ಕೇಳಿಸಿತು. ಮಾಡಿರಲಿಲ್ಲ. ಬದನೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ನೀರು ಕುದಿದು ಆವಿಯಾದರೆ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಬಾಗಿಲು ಕೊಡದಿದ್ದರೆ ಅದು ಗೋಡೆ ಒಡೆದೇ ಹೊರಬರುತ್ತದೆ.

ಆಮೇಲೆ ಆಕೆಯೇ ಬಂದು ಕುರ್ಚಿ ಹಾಕಿಸಿಕೊಂಡು ಕುಳಿತಳು. ಉಳಿದ ಎರಡಕ್ಕೆ ಚಾಕುವಿನ ತುದಿಯಿಂದ ಐದಾರು ಕಡೆ ಚುಚ್ಚಿ, ಎಣ್ಣೆ ಸವರಿ, ಬಚ್ಚಲು ಹಂಡೆಯ ಒಲೆಯ ಕೆಂಡದ ಮೇಲಿಟ್ಟೆವು. ಕೆಂಡಕ್ಕೆ ಅವಸರವಿಲ್ಲ. ಕಾಲು ಕಾಲು ಸುತ್ತು ತಿರುಗಿಸುತ್ತ ಇಪ್ಪತ್ತೈದು ನಿಮಿಷ. ಸಿಪ್ಪೆ ಕಪ್ಪಾದರೆ ಬೆಂದಿತು ಎಂದುಕೊಂಡಿದ್ದೆ. "ಅಲ್ಲಿ ನೋಡಬೇಡಿ, ತೊಟ್ಟಿನ ಬುಡದಲ್ಲಿ ಚುಚ್ಚಿ ನೋಡಿ. ಅಲ್ಲಿ ಬೇಯುವುದು ಕಡೆಗೆ" ಎಂದಳು. ಚುಚ್ಚಿದೆ, ಇನ್ನೂ ಗಟ್ಟಿ. ಬೆಂದ ಮೇಲೆ ಪಾತ್ರೆಯಲ್ಲಿಟ್ಟು ಹತ್ತು ನಿಮಿಷ ಮುಚ್ಚಿದೆವು. ಒಳಗಿನ ಹಬೆಗೆ ಸಿಪ್ಪೆ ತಾನೇ ಬಿಟ್ಟುಕೊಂಡಿತು. (ಮಕ್ಕಳೇ, ಕೆಂಡದ ಬಳಿ ಅಜ್ಜನೋ ಅಜ್ಜಿಯೋ ಇರಲೇಬೇಕು.)

ಮೊಮ್ಮಗಳು ನೋಟ್‌ಬುಕ್ ಹಿಡಿದು, "ಅಜ್ಜಿ, ಹುಣಸೆಹಣ್ಣು ಎಷ್ಟು?" ಎಂದಳು.

"ಕಣ್ಣಳತೆ, ಪುಟ್ಟಿ."

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದವನಿಗೆ ಕಣ್ಣಳತೆ ಸಾಲುತ್ತದೆಯೇ? ಈ ಗೊಜ್ಜು ಎಲ್ಲೂ ಬರೆದಿಟ್ಟದ್ದಲ್ಲ, ಇದ್ದದ್ದು ಆ ಬಲಗೈಯಲ್ಲಿ ಮಾತ್ರ ಎಂಬುದು ಆಗಲೇ ನನಗೆ ಹೊಳೆದದ್ದು. ಆಕೆ ಎಡಗೈಯಲ್ಲಿ ಒಂದೊಂದನ್ನೇ ತೆಗೆದಳು, ನಾವು ಅಳೆದು ಬರೆದೆವು. ಮಧ್ಯಮ ಗಾತ್ರದ ಗುಳ್ಳ ಎರಡಕ್ಕೆ ಸಣ್ಣ ಲಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಬೆಲ್ಲದ ಪುಡಿ ಎರಡು ಚಮಚ, ಹಸಿಮೆಣಸು ಮೂರು, ಉಪ್ಪು ಒಂದು ಚಮಚ. ಸಿಪ್ಪೆ ಸುಲಿದ ತಿರುಳನ್ನು ಕೈಯಲ್ಲೇ ಕಿವುಚಬೇಕು. ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತದಂತೆ. ಮೇಲಿಂದ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ. ಹಬ್ಬದ ದಿನ ಈರುಳ್ಳಿ ಇಲ್ಲ.

ಎಲೆ ಹಾಕಿದೆವು. ಎಡಗೈಯಲ್ಲಿ ಹಬ್ಬದೂಟ ಮಾಡಲು ಆಕೆ ಒಪ್ಪಲಿಲ್ಲ, ಚಮಚವೂ ಬೇಡವೆಂದಳು. ಕೊನೆಗೆ ಮೊಮ್ಮಗಳು ಪಕ್ಕದಲ್ಲಿ ಕುಳಿತು ಅನ್ನಕ್ಕೆ ಗೊಜ್ಜು ಕಲಸಿ ತುತ್ತು ಕೊಟ್ಟಳು. ನಾನು ನನ್ನ ಎಲೆ ಮುಟ್ಟದೆ ಕಾಯುತ್ತಿದ್ದೆ. ಆಕೆ ನಿಧಾನವಾಗಿ ಅಗಿದು, ನುಂಗಿ, ನನ್ನತ್ತ ತಿರುಗಿದಳು.

"ಉಪ್ಪು ಒಂಚೂರು ಕಡಿಮೆ."

ಮಗ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ. "ನೀನೇ ತೆಗೆದುಕೊಟ್ಟ ಉಪ್ಪು!" ಎಂದೆ. "ಅದು ಎಡಗೈ ಅಳತೆ" ಎಂದಳು. ಮತ್ತೆ ಬಾಯಿ ತೆರೆದಳು, ಇನ್ನೊಂದು ತುತ್ತಿಗೆ.

ಊಟವಾದ ಮೇಲೆ ನೋಟ್‌ಬುಕ್ ತರಿಸಿ, 'ಒಂದು ಚಮಚ' ಎಂಬುದಕ್ಕೆ ಅಡ್ಡಗೆರೆ ಎಳೆದು 'ಒಂದೂಕಾಲು' ಎಂದು ಬರೆದೆ. ಲೆಡ್ಜರಿನಲ್ಲಿ ತಿದ್ದಿದರೆ ಪಕ್ಕದಲ್ಲಿ ಸಹಿ ಬೇಕು. ಪೆನ್ನನ್ನು ಆಕೆಯ ಎಡಗೈಗೆ ಕೊಟ್ಟೆ. ಸೊಟ್ಟಗೆ, ಒಂದನೇ ಕ್ಲಾಸಿನ ಮಕ್ಕಳ ಹಾಗೆ, ಪೂರ್ತಿ ಹೆಸರು ಬರೆದಳು.