ನಿಮಗಿದು ಗೊತ್ತೆ? ಅಂಗಳದ ಅಡಿಕೆಗೂ ಕ್ಯಾಮೆರಾ ಕಾವಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ತೋಟದ ನಡುವೆ ಒಂದು ಮನೆ, ಕೂಗಿದರೆ ಕೇಳದಷ್ಟು ದೂರದಲ್ಲಿ ಇನ್ನೊಂದು. ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗುವ ಅಡಿಕೆ, ದುಡಿಯಲು ಮುಂಬೈಗೋ ಕೊಲ್ಲಿಗೋ ಹೋದ ಮಕ್ಕಳು, ಮನೆಯಲ್ಲಿ ವಯಸ್ಸಾದ ತಂದೆ ತಾಯಿ. ಇಂಥ ಮನೆಗೆ ಸಿಸಿಟಿವಿ ಕಳ್ಳರ ಮೇಲಿನ ಕಣ್ಣಷ್ಟೇ ಅಲ್ಲ. ಅಮ್ಮ ಜಗಲಿಗೆ ಬಂದು ಕೂತರೇ ಎಂದು ದುಬೈಯಿಂದಲೇ ನೋಡಿ ಸಮಾಧಾನಪಡುವ ದಾರಿಯೂ ಹೌದು.

ಮನೆಗೆ ಕ್ಯಾಮೆರಾ ಕಾವಲಿನ ಯೋಚನೆ ಬಂದದ್ದು ಒಬ್ಬ ನರ್ಸ್‌ಗೆ! ನ್ಯೂಯಾರ್ಕ್‌ನ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಪತಿ ಆಲ್ಬರ್ಟ್ ಜೊತೆ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಅದು ದೊರೆಯಿತು. ಬಾಗಿಲಿನ ಬೇರೆ ಬೇರೆ ಎತ್ತರದ ಕಿಂಡಿಗಳ ಹಿಂದೆ ಜಾರುವ ಕ್ಯಾಮೆರಾ, ಒಳಕೋಣೆಯಲ್ಲಿ ಪರದೆ, ಕೂತಲ್ಲಿಂದಲೇ ಚಿಲಕ ತೆಗೆಯುವ ಗುಂಡಿ ಅವರ ವ್ಯವಸ್ಥೆಯಲ್ಲಿದ್ದವು.

ನಮ್ಮ ಕಡೆಯ ತೊಡಕುಗಳೇ ಬೇರೆ. ದಪ್ಪ ಕೆಂಪುಕಲ್ಲಿನ ಗೋಡೆ ವೈಫೈಯನ್ನು ಕುಗ್ಗಿಸುತ್ತದೆ. ಕೊಟ್ಟಿಗೆ, ಅಂಗಳಕ್ಕೆ ಕೇಬಲ್ ಎಳೆಯುವುದೇ ಮೇಲು. ಮಳೆಗೆ ಐಪಿ66 ಗುರುತಿನ ಕ್ಯಾಮೆರಾ ತಾಳುತ್ತದೆ, ಸಿಡಿಲಿಗೆ ಯಾವುದೂ ತಾಳದು. ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಬಡಿದು ಚಿತ್ರವೆಲ್ಲ ಬೆಳ್ಳಗಾಗುತ್ತದೆ.

ಕ್ಯಾಮೆರಾದಲ್ಲಿ ಕಳ್ಳ ಸಿಕ್ಕಿಬಿದ್ದರೂ ಕೆಲಸ ಮುಗಿಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ದೃಶ್ಯದ ಪ್ರತಿಯನ್ನು ಸಾಕ್ಷ್ಯವಾಗಿ ಕೊಡುವಾಗ ಪ್ರಮಾಣಪತ್ರವೂ ಬೇಕು. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುವ ಮೊದಲೇ ಪ್ರತಿ ತೆಗೆದಿಡಿ. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಇಂದೇ ಬದಲಿಸಿ. ನೆರೆಮನೆಯ ಅಂಗಳದತ್ತ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.