ನಿದ್ರೆ ನೀಡುವ ಮುನ್ಸೂಚನೆ

ಮನುಷ್ಯನು ತನ್ನ ಆಯುಷ್ಯದ ಸುಮಾರು ಮೂರನೆಯ ಒಂದು ಭಾಗವನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಆಗ ದೇಹವು ವಿಶ್ರಾಂತಿಯಲ್ಲಿದ್ದರೂ ಮಿದುಳು ಸುಮ್ಮನಿರುವುದಿಲ್ಲ. ನಿದ್ರೆಯು ಹಲವು ಹಂತಗಳಲ್ಲಿ ಸಾಗುತ್ತದೆ; ಸುಮಾರು 90 ನಿಮಿಷಗಳಿಗೊಮ್ಮೆ ಈ ಹಂತಗಳ ಒಂದು ಆವರ್ತ ಮುಗಿದು ಮತ್ತೊಂದು ಆರಂಭವಾಗುತ್ತದೆ.

ಈ ಹಂತಗಳಲ್ಲಿ ಒಂದು ಬಹು ವಿಚಿತ್ರವಾದುದು. ಆಗ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ವೇಗವಾಗಿ ಚಲಿಸುತ್ತವೆ. ಇದನ್ನು 1953ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಕ್ಷಿಪ್ರ ನೇತ್ರಚಲನೆಯ ಈ ನಿದ್ರೆಗೆ ‘ರೆಮ್ ನಿದ್ರೆ’ ಎಂದು ಹೆಸರು. ನಮಗೆ ಸ್ಪಷ್ಟವಾದ ಕನಸುಗಳು ಬೀಳುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಕನಸಿನಲ್ಲಿ ನಾವು ಓಡುತ್ತೇವೆ, ಮರ ಹತ್ತುತ್ತೇವೆ. ಆದರೆ ಹಾಸಿಗೆಯಲ್ಲಿ ಕೈಕಾಲು ಕದಲುವುದಿಲ್ಲ. ಇದಕ್ಕೆ ಕಾರಣವೇನು? ಮಿದುಳಿನ ಕಾಂಡಭಾಗದಲ್ಲಿರುವ ಕೆಲವು ನರಕೋಶಗಳು ರೆಮ್ ನಿದ್ರೆಯ ವೇಳೆ ಸ್ನಾಯುಗಳಿಗೆ ಚಲನೆಯ ಆಜ್ಞೆ ತಲಪದಂತೆ ತಡೆಯುತ್ತವೆ. ಫ್ರಾನ್ಸಿನ ವಿಜ್ಞಾನಿ ಮಿಷೆಲ್ ಜೂವೆ ಅವರು ಬೆಕ್ಕುಗಳಲ್ಲಿ ಈ ಭಾಗಕ್ಕೆ ಹಾನಿಯಾದಾಗ ಏನಾಗುವುದೆಂದು ಪರೀಕ್ಷಿಸಿದರು. ಆ ಬೆಕ್ಕುಗಳು ನಿದ್ರೆಯಲ್ಲಿಯೇ ಎದ್ದು, ಕಾಣದ ಬೇಟೆಯ ಮೇಲೆ ಎರಗಿದವು!

ಮನುಷ್ಯರಲ್ಲಿಯೂ ಈ ತಡೆ ಸಡಿಲಗೊಳ್ಳುವುದುಂಟು. ತುಮಕೂರಿಗೆ ಸಮೀಪದ ಗೂಳೂರಿನಂಥ ಊರಿನ ವೃದ್ಧ ರೈತರೊಬ್ಬರನ್ನು ಕಲ್ಪಿಸಿಕೊಳ್ಳಿ. ರಾಗಿಹೊಲಕ್ಕೆ ನುಗ್ಗಿದ ಹಂದಿಯನ್ನು ಓಡಿಸುವ ಕನಸು ಅವರಿಗೆ ಬೀಳುತ್ತದೆ. ನಿದ್ರೆಯಲ್ಲಿಯೇ ಕೂಗಿ ಕೈ ಬೀಸುತ್ತಾರೆ. ಪಕ್ಕದಲ್ಲಿ ಮಲಗಿದ ಪತ್ನಿಗೆ ಪೆಟ್ಟಾಗುತ್ತದೆ. ಹಗಲಿನಲ್ಲಿ ಅವರು ಸೌಮ್ಯ ಸ್ವಭಾವದವರೇ. ಮನೆಯವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸಬಹುದು. ಇಲ್ಲವೆ ನಾಚಿಕೆಯಿಂದ ವಿಷಯವನ್ನು ಮುಚ್ಚಿಡಬಹುದು. ಆದರೆ ಇದು ಗಾಳಿಯೂ ಅಲ್ಲ, ಕೋಪವೂ ಅಲ್ಲ. ಅಮೆರಿಕದ ಮಿನೆಸೋಟದ ವೈದ್ಯರಾದ ಶೆಂಕ್ ಮತ್ತು ಮಹೋವಾಲ್ಡ್ ಅವರು 1986ರಲ್ಲಿ ಇದನ್ನು ಒಂದು ಪ್ರತ್ಯೇಕ ನಿದ್ರಾವ್ಯಾಧಿಯೆಂದು ವಿವರಿಸಿದರು.

ಈ ವ್ಯಾಧಿಯ ಮಹತ್ವ ಮುಂದೆ ತಿಳಿದುಬಂದಿತು. ಇದೇ ವೈದ್ಯರು 50 ವರ್ಷ ಮೀರಿದ ಇಂಥ 29 ಪುರುಷರನ್ನು ಗಮನಿಸುತ್ತ ಬಂದರು. ಅವರಲ್ಲಿ 11 ಮಂದಿಗೆ ಕೆಲವು ವರ್ಷಗಳ ತರುವಾಯ ಪಾರ್ಕಿನ್ಸನ್ ರೋಗದ ಲಕ್ಷಣಗಳು ಕಾಣಿಸಿಕೊಂಡವೆಂದು 1996ರಲ್ಲಿ ವರದಿ ಮಾಡಿದರು. 2019ರಲ್ಲಿ ಪ್ರಕಟವಾದ ಅಧ್ಯಯನವು 24 ಕೇಂದ್ರಗಳ 1280 ರೋಗಿಗಳನ್ನು ಒಳಗೊಂಡಿತ್ತು. ಅದರ ಅಂದಾಜಿನಂತೆ, 12 ವರ್ಷಗಳಲ್ಲಿ ಇಂಥವರ ಪೈಕಿ ನಾಲ್ವರಲ್ಲಿ ಸುಮಾರು ಮೂವರು ಪಾರ್ಕಿನ್ಸನ್ ರೋಗಕ್ಕೋ ಅದಕ್ಕೆ ಸಂಬಂಧಿಸಿದ ಮರೆವಿನ ರೋಗವೇ ಮೊದಲಾದವುಗಳಿಗೋ ಈಡಾಗುತ್ತಾರೆ.

ಈ ರೋಗಗಳಲ್ಲಿ ‘ಆಲ್ಫಾ ಸಿನ್ಯೂಕ್ಲಿನ್’ ಎಂಬ ಪ್ರೋಟೀನು ನರಕೋಶಗಳಲ್ಲಿ ಗಂಟುಗಟ್ಟಿ ಶೇಖರವಾಗುತ್ತದೆ. ಅನೇಕರಲ್ಲಿ ಅದು ಚಲನೆಯನ್ನು ನಿಯಂತ್ರಿಸುವ ಭಾಗಕ್ಕಿಂತ ಮೊದಲೇ ಕಾಂಡದ ಕೆಳಭಾಗವನ್ನು ಆಕ್ರಮಿಸುತ್ತದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಆದ್ದರಿಂದ ಕೈ ನಡುಗುವುದಕ್ಕೆ ವರ್ಷಗಳ ಮುಂಚೆಯೇ ಕನಸಿನ ಕಾವಲು ಸಡಿಲವಾಗುತ್ತದೆ.

ಹಾಗೆಂದು ನಿದ್ರೆಯಲ್ಲಿ ಮಾತನಾಡುವವರೆಲ್ಲರೂ ರೋಗಿಗಳಲ್ಲ. ಮಕ್ಕಳು ನಿದ್ರೆಯಲ್ಲಿ ಎದ್ದು ನಡೆಯುವುದು ಬೇರೆ ಹಂತದ ನಿದ್ರೆಗೆ ಸೇರಿದ್ದು. ಅದು ಬಹುಮಟ್ಟಿಗೆ ವಯಸ್ಸಿನೊಡನೆ ತಾನೇ ನಿಲ್ಲುತ್ತದೆ. ಕೆಲವು ಔಷಧಿಗಳಿಂದಲೂ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿಂದಲೂ ಇಂಥದೇ ಲಕ್ಷಣಗಳು ತೋರಬಹುದು. ರಾತ್ರಿಯಿಡೀ ಮಿದುಳಿನ ತರಂಗ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ ಮತ್ತು ಉಸಿರಾಟಗಳನ್ನು ದಾಖಲಿಸಿದ ಮೇಲೆಯೇ ವೈದ್ಯರು ನಿರ್ಣಯಕ್ಕೆ ಬರುತ್ತಾರೆ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ರೆಯ ಸಂಶೋಧನೆ ನಡೆಯುತ್ತಿದೆ.

ಮಿದುಳಿನ ಈ ಕ್ಷಯವನ್ನು ತಡೆಯುವ ಔಷಧಿ ಇನ್ನೂ ದೊರೆತಿಲ್ಲ. ಆದರೂ ಮುನ್ಸೂಚನೆ ವ್ಯರ್ಥವಲ್ಲ. ರಾತ್ರಿಯ ಹೊಡೆದಾಟವನ್ನು ತಗ್ಗಿಸುವ ಔಷಧಿಗಳಿವೆ. ಮಂಚದ ಬಳಿಯ ಹರಿತವಾದ ವಸ್ತುಗಳನ್ನು ದೂರವಿಟ್ಟು ಅಪಾಯವನ್ನು ತಪ್ಪಿಸಬಹುದು. ನಾಳೆ ರೋಗವನ್ನು ತಡೆಯುವ ಮದ್ದು ಬಂದರೆ, ಅದು ಮೊದಲು ನೆರವಾಗಬೇಕಾದುದು ಇಂಥವರಿಗೇ. ನಿದ್ರಿಸುವವರಿಗೆ ತಮ್ಮ ಕೂಗು ತಿಳಿಯದು. ಅದನ್ನು ಕೇಳುವವರು ಮನೆಯವರು. ಆದುದರಿಂದ ಹಿರಿಯರನ್ನು ಹಾಸ್ಯ ಮಾಡದೆ, ದೂಷಿಸದೆ, ಕಂಡದ್ದನ್ನು ವೈದ್ಯರಿಗೆ ತಿಳಿಸುವುದು ಮನೆಯ ಕಿರಿಯರ ಕರ್ತವ್ಯವಾಗಿದೆ.