ಕರಗುವ ಮಣ್ಣು, ಬಿರಿಯುವ ಸಿಮೆಂಟು

ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಧಾರವಾಡದ ಮಗ್ಗುಲಿನ ಕೆಲಗೇರಿಯಲ್ಲಿ, ಈ ಸೀಮೆಯ ಎಲ್ಲ ಊರುಗಳಲ್ಲಿಯಂತೆ, ಮಣ್ಣಿಗೆ ಮರ್ಯಾದೆ ಬರುತ್ತದೆ. ಜಿಗುಟು ಮಣ್ಣಿನಿಂದ ಹರಳು, ಬೇರು ಆರಿಸಿ ತೆಗೆದು, ರೊಟ್ಟಿಯ ಹಿಟ್ಟಿನಂತೆ ನಾದಿ, ಅಂಗೈಯಲ್ಲಿ ಉದ್ದುಂಡೆ ಮಾಡುತ್ತಾರೆ. ಹೆಬ್ಬೆರಳಿನಿಂದ ಒತ್ತಿದರೆ ಬೆನ್ನು ತಗ್ಗುತ್ತದೆ, ಡುಬ್ಬ ತಾನೇ ಏಳುತ್ತದೆ. ನಾಲ್ಕು ಕಾಲು ಎಳೆದು, ಕಣ್ಣಿನ ಜಾಗದಲ್ಲಿ ಎರಡು ಜೋಳದ ಕಾಳು ಒತ್ತಿದರೆ ಎತ್ತು ನಮ್ಮನ್ನು ನೋಡತೊಡಗುತ್ತದೆ. ಆಷಾಢದ ಮಂಗಳವಾರಗಳಲ್ಲಿ ಅದೇ ಮಣ್ಣು ಗುಳ್ಳವ್ವನಾಗಿ ಗುಲಗಂಜಿ, ಕುಸುಬಿ ಕಾಳು ತೊಡುತ್ತದೆ. ಭಾದ್ರಪದದಲ್ಲಿ ಗಣಪತಿ, ಅವನ ಬೆನ್ನ ಹಿಂದೆಯೇ ಬುಟ್ಟಿಯೊಳಗೆ ಕುಳಿತು ಮನೆಮನೆಗೆ ಬರುವ ಜೋಕುಮಾರ.

ಇವುಗಳಲ್ಲಿ ಒಂದನ್ನೂ ನಾವು ಕಾಪಿಡುವುದಿಲ್ಲ. ಪೂಜೆ ಮುಗಿದ ಮೇಲೆ ಎತ್ತು ನೀರಿಗೆ ಹೋಗುತ್ತದೆ, ಗಣಪತಿಯೂ ನೀರಿಗೆ ಹೋಗುತ್ತಾನೆ. ಆದರೂ ಮಣ್ಣೆತ್ತು ಅಳಿದುಹೋಯಿತೆಂದು ಯಾರೂ ಮರುಗಿದ್ದಿಲ್ಲ. ಮಾಡುವ ಕೈ ಇರುವವರೆಗೆ ಎತ್ತು ಇರುತ್ತದೆ. ಅಜ್ಜಿಯ ಹೆಬ್ಬೆರಳಿನ ಒತ್ತು ಮೊಮ್ಮಗಳ ಹೆಬ್ಬೆರಳಿಗೆ ಬಂದಿದ್ದರೆ ಆಯಿತು.

ಆಧುನಿಕ ಶಿಲ್ಪದ ಸಂರಕ್ಷಣೆ ಎಂಬ ಮಾತು ಬಂದಾಗಲೆಲ್ಲ ನನಗೆ ಈ ಎತ್ತು ನೆನಪಾಗುತ್ತದೆ. ಬೇಲೂರಿನ ಬಳಪದ ಕಲ್ಲು, ಬಾದಾಮಿಯ ಮರಳುಗಲ್ಲು ಎಷ್ಟು ಕಾಲ ಬಾಳುತ್ತವೆ ಎಂಬುದು ಶತಮಾನಗಳ ಅನುಭವದಿಂದ ನಮಗೆ ಗೊತ್ತು. ಇಪ್ಪತ್ತನೆಯ ಶತಮಾನದ ಶಿಲ್ಪಿಗಳು ಹಿಡಿದದ್ದು ಸಿಮೆಂಟು, ಕಬ್ಬಿಣದ ಸರಳು, ಪ್ಲಾಸ್ಟರ್, ಫೈಬರ್‌ಗ್ಲಾಸ್, ಸ್ಟೀಲು. ಆಮೇಲೆ ದಾರ, ಸೆಗಣಿ, ಕೂದಲು, ಟಾರ್ ಡ್ರಮ್ಮಿನ ತಗಡು ಕೂಡ ಬಂದವು. ಈ ಸಾಮಗ್ರಿಗಳ ಆಯುಷ್ಯ ಇನ್ನೂ ಯಾರೂ ಪೂರ್ತಿ ನೋಡಿ ಮುಗಿಸಿಲ್ಲ.

ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಹುಬ್ಬಳ್ಳಿ ದಾಟಿ ಬೆಂಗಳೂರು ಹೆದ್ದಾರಿ ಹಿಡಿಯಬೇಕು. ಹಾವೇರಿ ಜಿಲ್ಲೆಯ ಶಿಗ್ಗಾಂವಿ ಬಳಿ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಬಯಲಾಟದಲ್ಲೂ ಆಳವಾಗಿ ತೊಡಗಿಕೊಂಡಿದ್ದ ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ಉತ್ತರ ಕರ್ನಾಟಕದ ಒಂದು ಇಡೀ ಹಳ್ಳಿಯನ್ನೇ ಸಿಮೆಂಟಿನಲ್ಲಿ ನಿಲ್ಲಿಸಿದರು. ಮನೆಗಳು, ಕಸುಬುದಾರರು, ದನಕರು, ಆಡುವ ಮಕ್ಕಳು ಎಲ್ಲ ಸೇರಿ 2000ಕ್ಕೂ ಮಿಕ್ಕಿದ ಆಕೃತಿಗಳು. ಬೀಸುವವರು, ಕುಟ್ಟುವವರು, ಹಾಲು ಹಿಂಡುವವರು. ಶಾಲೆಯ ಹುಡುಗರು ಅಲ್ಲಿ ನಿಂತು, ತಮ್ಮ ಮನೆಯಿಂದ ಮಾಯವಾದ ಬೀಸುವಕಲ್ಲನ್ನು ಮುಟ್ಟಿ ನೋಡುತ್ತಾರೆ. ಮಣ್ಣಿನ ಮನೆ, ಒಕ್ಕಲುತನದ ಸಲಕರಣೆ ಕಣ್ಣೆದುರೇ ಕಣ್ಮರೆಯಾಗುತ್ತಿದ್ದ ಕಾಲದಲ್ಲಿ ಈ ಕೆಲಸ ನಡೆದದ್ದೇ ದೊಡ್ಡದು ಎಂದು ನಾನು ನಂಬಿದ್ದೇನೆ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಹಳ್ಳಿಯನ್ನು ಉಳಿಸಲು ಹುಟ್ಟಿದ ಶಿಲ್ಪಗಳನ್ನು ಉಳಿಸುವ ಸರದಿ ಈಗ ಬಂದಿದೆ.

ಸಿಮೆಂಟು ಕಲ್ಲಿನಂತೆ ಕಾಣುತ್ತದೆ, ಆದರೆ ಕಲ್ಲಿನಂತೆ ಸಾಯುವುದಿಲ್ಲ. ಕಲ್ಲು ಹೊರಗಿನಿಂದ ಸವೆದರೆ ಇದು ಒಳಗಿನಿಂದ ಒಡೆಯುತ್ತದೆ. ಹೊಸ ಸಿಮೆಂಟು ಕಡು ಕ್ಷಾರ; ಅದರ ಪಿಎಚ್ ಮಟ್ಟ 12ರಿಂದ 13ರಷ್ಟು. ಆ ಕ್ಷಾರದ ನಡುವೆ ಕಬ್ಬಿಣದ ಸರಳಿಗೆ ತೆಳುವಾದ ರಕ್ಷಾಪೊರೆ ಕಟ್ಟಿಕೊಳ್ಳುತ್ತದೆ, ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಸಿಮೆಂಟಿನ ಒಳಕ್ಕೆ ಇಳಿಯುತ್ತ ಆ ಕ್ಷಾರವನ್ನು ತಗ್ಗಿಸುತ್ತದೆ. ಪಿಎಚ್ 9ರ ಆಸುಪಾಸಿಗೆ ಇಳಿಯಿತೆಂದರೆ ಪೊರೆ ಹೋಯಿತು. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಜಾಗ ಸಿಗದಿದ್ದರೆ ಸಿಮೆಂಟನ್ನು ಬಿರಿಸುತ್ತದೆ.

ಎಲ್ಲಕ್ಕಿಂತ ಮೊದಲು ಹೋಗುವುದು ಬೆರಳು, ಕಿವಿ, ಕೋಡು. ಅಲ್ಲಿ ತಂತಿಯ ಮೇಲೆ ಸಿಮೆಂಟಿನ ಹೊದಿಕೆ ತೆಳು. ಒಂದು ಸಾರ್ವಜನಿಕ ಉದ್ಯಾನದಲ್ಲಿ ಕೊಡ ಹೊತ್ತ ಹೆಣ್ಣಿನ ಕೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಿರುಬೆರಳಿನ ತುದಿ ಉದುರಿ, ಕೆಂಪು ತಂತಿಯೊಂದು ಉಗುರಿನಂತೆ ಹೊರಚಾಚಿತ್ತು. ಅದರ ಕೆಳಗೆ ಮಣಿಕಟ್ಟಿನವರೆಗೆ ಕಂದು ನೀರಿನ ಗೆರೆ. ಯಾರೋ ಪ್ರೀತಿಯಿಂದಲೇ ಅದಕ್ಕೆ ಎಣ್ಣೆಬಣ್ಣ ಬಳಿದಿದ್ದರು, ಬಳೆಗೆ ಹಸಿರು, ಸೀರೆಗೆ ಕಡುಗೆಂಪು. ಬಣ್ಣದ ಆ ಗಟ್ಟಿ ಪದರ ಬಿರುಕಿನಿಂದ ಒಳಹೋದ ಮಳೆನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಂಡಿತ್ತು. ನಮ್ಮ ಅಕ್ಕರೆ ಹೆಚ್ಚು ಕೇಡು ಮಾಡುವುದು ಹೀಗೆ. ಹಬ್ಬಕ್ಕೊಮ್ಮೆ ಮೂರ್ತಿಗೆ ಹೊಸ ಬಣ್ಣ ಬಳಿದು ರೂಢಿಯಾದ ನಾವು ಸಿಮೆಂಟಿನ ಶಿಲ್ಪಕ್ಕೂ ಹಾಗೆಯೇ ಮಾಡುತ್ತೇವೆ. ಸರಿಯಾದ ರಿಪೇರಿಯಲ್ಲಿ ಸಡಿಲ ಭಾಗವನ್ನು ತೆಗೆದು, ತಂತಿ ಹೊಳೆಯುವವರೆಗೆ ತುಕ್ಕು ಉಜ್ಜಿ, ಅದಕ್ಕೆ ತುಕ್ಕುನಿರೋಧಕ ಬಳಿದು, ಮೂಲದ ಹದಕ್ಕೆ ಹೊಂದುವ ಗಾರೆಯಿಂದ ತುಂಬಿ, ಉಸಿರಾಡುವ ಬಣ್ಣ ಹಚ್ಚಬೇಕು. ಮೂಲದ ಹದ ಯಾವುದು, ಮೂಲದ ಬಣ್ಣ ಯಾವುದು? ಅದು ಎಲ್ಲಿಯೂ ಬರೆದಿರುವುದಿಲ್ಲ.

ಶಾಂತಿನಿಕೇತನದಲ್ಲಿ ರಾಮಕಿಂಕರ್ ಬೈಜ್ 1938ರಲ್ಲಿ ಸಿಮೆಂಟಿಗೆ ಜಂಬಿಟ್ಟಿಗೆಯ ಹರಳು ಬೆರೆಸಿ, ಸಂತಾಲ ಕುಟುಂಬವೊಂದನ್ನು ಬಯಲಲ್ಲೇ ನಿಲ್ಲಿಸಿದರು. ಕಂಚಿಗೆ ದುಡ್ಡಿಲ್ಲದ ನಾಡಿನಲ್ಲಿ ದೊಡ್ಡ ಶಿಲ್ಪ ಮಾಡುವ ದಾರಿ ತೆರೆದದ್ದು ಆ ಹದ. ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿದ ಕಾನಾಯಿ ಕುಞಿರಾಮನ್ ಅವರ ‘ಯಕ್ಷಿ’ 1969ರಿಂದ ಪಾಲಕ್ಕಾಡಿನ ಮಲಂಪುಳ ಅಣೆಕಟ್ಟೆಯ ಉದ್ಯಾನದಲ್ಲಿ ಕೂತಿದ್ದಾಳೆ, 30 ಅಡಿ ಎತ್ತರದ ಕಾಂಕ್ರೀಟು. ತಿರುವನಂತಪುರದ ಶಂಖುಮುಖಂ ಕಡಲ ದಂಡೆಯಲ್ಲಿ ಅವರದೇ ಸಾಗರಕನ್ಯೆಯ ಪಕ್ಕಕ್ಕೆ ಹಳೆಯ ಹೆಲಿಕಾಪ್ಟರೊಂದನ್ನು ತಂದು ನಿಲ್ಲಿಸಿದಾಗ ಕಾನಾಯಿ ನೊಂದು ಪ್ರತಿಭಟಿಸಿದರು. ಶಿಲ್ಪಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಬಯಲು ಶಿಲ್ಪಕ್ಕೆ ಸುತ್ತಲಿನ ಬಯಲೂ ಮೈಯೇ. ಅದನ್ನು ಕಿತ್ತುಕೊಂಡರೆ ಅಂಗ ಕಿತ್ತಂತೆ.

ಚಂಡೀಗಢದಲ್ಲಿ ನೇಕ್ ಚಂದ್ ಗುಟ್ಟಾಗಿ ಒಡಕು ಬಳೆ, ಪಿಂಗಾಣಿ ಚೂರುಗಳಿಂದ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. 1990ರಲ್ಲಿ ಅದನ್ನು ಕೆಡವಲು ಯಂತ್ರ ಬಂದಾಗ ಊರ ಜನ ಅಡ್ಡ ನಿಂತು ಉಳಿಸಿಕೊಂಡರು. ನೇಕ್ ಚಂದ್ 2015ರಲ್ಲಿ ತೀರಿಕೊಂಡು ಹತ್ತು ವರ್ಷವಾಗುವ ಹೊತ್ತಿಗೆ, 2025ರಲ್ಲಿ, ರಸ್ತೆ ಅಗಲ ಮಾಡಲೆಂದು ಅದರ ಗೋಡೆಯ ಒಂದು ಭಾಗ ಹೋಯಿತು.

ಇನ್ನು ಪ್ರತಿಷ್ಠಾಪನಾ ಕಲೆ, ಅಂದರೆ ಇನ್‌ಸ್ಟಲೇಶನ್. ಒಂದು ಜಾಗವನ್ನೇ ಕೃತಿಯಾಗಿಸುವ ಈ ಕಲೆ ಪರದೇಶದ್ದೆಂದು ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ ಗುಳ್ಳವ್ವನ ಗದ್ದುಗೆಯ ಮುಂದೆ ಕೂತು ಬೆಳೆದವರಿಗೆ ಇದು ಹೊಸತೇನಲ್ಲ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನಗಳಲ್ಲಿ ಕಲಿತ ಶೀಲಾ ಗೌಡ ಸೆಗಣಿಯನ್ನು, ಕುಂಕುಮವನ್ನು ಕಲೆಯ ಸಾಮಗ್ರಿಯಾಗಿ ಎತ್ತಿಕೊಂಡರು. ಅವರ ಒಂದು ಕೃತಿಯಲ್ಲಿ ಒಂದೊಂದೇ ದಾರವನ್ನು ಸೂಜಿಯ ಕಣ್ಣಿಂದ ದಾಟಿಸಿ, ಆ ದಾರಗಳಿಗೆ ಅಂಟು ಬೆರೆತ ಕುಂಕುಮ ಸವರಿ ಹಗ್ಗ ಮಾಡಲಾಗಿದೆ; ತುದಿಯಲ್ಲಿ ಸೂಜಿಗಳ ಗೊಂಚಲು. ನಮ್ಮಲ್ಲಿ ವಾಹನಗಳಿಗೆ ದೃಷ್ಟಿ ತಾಗದಿರಲೆಂದು ಕೂದಲಿನ ಹಗ್ಗ ಕಟ್ಟುವುದುಂಟಲ್ಲ, ಅದರಿಂದಲೇ ಹುಟ್ಟಿದ್ದು ಅವರ 2009ರ ‘ಬಿಹೋಲ್ಡ್’. ಕಾರಿನ ಬಂಪರುಗಳನ್ನು ಕಿಲೋಮೀಟರುಗಟ್ಟಲೆ ಕೂದಲಿನ ಹಗ್ಗ ಹೊತ್ತು ನಿಂತ ಆ ಕೃತಿ ವೆನಿಸ್ ಬಿಯೆನಾಲೆಯಲ್ಲಿ ಕಂಡು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಇಂಥದ್ದನ್ನು ಕಾಪಾಡುವುದು ಹೇಗೆ? ಪೆಟ್ಟಿಗೆಯಲ್ಲಿರುವಾಗ ಅದು ಬರೀ ಹಗ್ಗದ ಸಿಂಬೆ ಮತ್ತು ಲೋಹ. ಯಾವ ಹಗ್ಗ ಎಲ್ಲಿ ಇಳಿಬೀಳಬೇಕು, ಎಲ್ಲಿ ನೆಲದ ಮೇಲೆ ಗುಡ್ಡೆಯಾಗಬೇಕು, ಕೋಣೆ ಬದಲಾದರೆ ಎಷ್ಟು ಬದಲಾಯಿಸಬಹುದು ಎಂಬುದು ತಿಳಿದಾಗಲೇ ಅದು ಕೃತಿ. ಅದಕ್ಕೇ ದೊಡ್ಡ ಸಂಗ್ರಹಾಲಯಗಳು ಕಲಾವಿದರು ಬದುಕಿರುವಾಗಲೇ ಅವರನ್ನು ಕೂರಿಸಿ ಕೇಳುತ್ತವೆ: ಹಗ್ಗ ಹರಿದರೆ ಹೊಸದು ಹೆಣೆಯಬಹುದೇ? ಬಣ್ಣ ಮಾಸಿದರೆ ಮಾಸಲು ಬಿಡಬೇಕೇ? ಮಣ್ಣೆತ್ತು ಮಾಡುವ ಅಜ್ಜಿ ಬಾಯಿಮಾತಿನಲ್ಲಿ ದಾಟಿಸಿದ್ದನ್ನೇ ಇಲ್ಲಿ ಕಡತದಲ್ಲಿ ದಾಟಿಸುತ್ತಾರೆ.

ಕರ್ನಾಟಕದಲ್ಲಿ ಇದಕ್ಕೆ ನೆಲೆ ಇಲ್ಲವೆಂದಲ್ಲ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಕೆ. ವೆಂಕಟಪ್ಪನವರ ಚಿತ್ರಗಳ ಜೊತೆಗೆ ಪ್ಲಾಸ್ಟರ್ ಉಬ್ಬುಶಿಲ್ಪಗಳಿವೆ. ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಕಲಾಶಾಲೆಯ ಪರಂಪರೆಯಿದೆ. ಬಯಲಿನ ಸಿಮೆಂಟು ಶಿಲ್ಪವನ್ನು ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿಗೆ ಕಳಿಸಲಾಗುವುದಿಲ್ಲ. ತಿಳಿವಳಿಕೆಯೇ ಇಲ್ಲಿಗೆ ಬರಬೇಕು. ಕಲಾಶಾಲೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಊರಿನ ಒಂದೊಂದು ಶಿಲ್ಪದ ಮುಂದೆ ನಿಂತು ಎಲ್ಲ ಕಡೆಯಿಂದ ಫೋಟೊ ತೆಗೆಯಲಿ. ಬಿರುಕಿನ ಪಕ್ಕ ಸೀಸದ ಕಡ್ಡಿಯಿಂದ ತಾರೀಕು ಹಾಕಿಟ್ಟರೆ ಮರುವರ್ಷ ಅದು ಎಷ್ಟು ಸರಿದಿದೆ ಎಂದು ತಿಳಿಯುತ್ತದೆ.

ಗಾರೆ ಕಲಸಿದವರು, ತಂತಿ ಬಗ್ಗಿಸಿದವರು, ಅಚ್ಚು ಹಿಡಿದವರು ಸುತ್ತಲಿನ ಊರುಗಳಲ್ಲಿ ಇನ್ನೂ ಇರುವಾಗ ಒಂದು ನೋಟ್‌ಬುಕ್ ಹಿಡಿದು ಅವರ ಕಟ್ಟೆಯ ಮೇಲೆ ಕೂರಬೇಕು. ಒಂದು ಪುಟ್ಟಿ ಸಿಮೆಂಟಿಗೆ ಎಷ್ಟು ಪುಟ್ಟಿ ಉಸುಕು? ಉಸುಕು ಯಾವ ಹಳ್ಳದ್ದು? ಎತ್ತಿನ ಕೋಡಿನೊಳಗೆ ಸರಳೋ, ಬರೀ ತಂತಿಯೋ? ಎಷ್ಟು ದಿನ ನೀರುಣಿಸಿದಿರಿ? ಮೊದಲು ಬಳಿದ ಬಣ್ಣ ಯಾವುದು, ಕಾಕಾ?